‘ಡೀಸೆಲ್ ಅಂಡ್ ಡಸ್ಟ್’ ಧ್ವನಿಮುದ್ರಿಕೆಯಲ್ಲಿ ‘ನಾವು’ ಎಂಬ ಪದ: ಒಂದು ಚಾರಿತ್ರಿಕ ವಿಮರ್ಶೆ

೧

ಜನಪ್ರಿಯ ಗೀತೆಗಳನ್ನು ಇತಿಹಾಸದ ಆಕರಗಳೆಂದು ಪರಿಗಣಿಸುವ ವಿಷಯದಲ್ಲಿ ಚರಿತ್ರಕಾರರ ನಡವಳಿಕೆ ಏಕಪ್ರಕಾರವಾಗಿಲ್ಲ. ಲಾವಣಿಯನ್ನೂ ವೀರಗಲ್ಲಿನ ಬರೆಹವನ್ನೂ ಆದರದಿಂದ ಪರಿಶೀಲಿಸುವ ವಿದ್ವಾಂಸರೇ, ಲಕ್ಷಾಂತರ ಪ್ರತಿಗಳಾಗಿ ತಯಾರಾಗಿ ಅಂಗಡಿಯಲ್ಲಿ ಬಿಕರಿಯಾಗುವ ರಾಕ್ ಸಂಗೀತದ ಮುದ್ರಿಕೆಯನ್ನು ಕಂಡಾಗ, ಅದು ತರುಣರ ವಿನೋದಕ್ಕೆ ಸೇರಿದ ಸರಕೆಂದು ಬದಿಗೆ ಸರಿಸುವುದುಂಟು. ಇದಕ್ಕೆ ವಿರುದ್ಧವಾದ ಇನ್ನೊಂದು ಅತಿರೇಕವೂ ಇದೆ. ಒಂದು ಗೀತೆ ರಾಜಕೀಯ ವಿಷಯವನ್ನು ಎತ್ತಿಕೊಂಡು ಜನಪ್ರಿಯವಾದೊಡನೆ, ಅನಂತರ ನಡೆದ ಸುಧಾರಣೆಗಳೆಲ್ಲ ಆ ಗೀತೆಯ ಫಲವೆಂದು ಹೊಗಳುವುದು. ಈ ಎರಡು ದಾರಿಗಳನ್ನೂ ಬಿಟ್ಟು, ಆಸ್ಟ್ರೇಲಿಯದ ‘ಮಿಡ್‌ನೈಟ್ ಆಯಿಲ್’ ಎಂಬ ಗಾಯಕವೃಂದವು ೧೯೮೭ರ ಆಗಸ್ಟ್ ತಿಂಗಳಲ್ಲಿ ಹೊರತಂದ ‘ಡೀಸೆಲ್ ಅಂಡ್ ಡಸ್ಟ್’ ಎಂಬ ಧ್ವನಿಮುದ್ರಿಕೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಸಿಡ್ನಿ ನಗರದ ಈ ವೃಂದವು ೧೯೭೬ರಿಂದ ಇದೇ ಹೆಸರಿನಲ್ಲಿ ಹಾಡುತ್ತ ಬಂದು, ಸ್ವದೇಶದಲ್ಲಿ ಆ ವೇಳೆಗಾಗಲೇ ಪ್ರಸಿದ್ಧವಾಗಿತ್ತು. ಇದರ ಮುಖ್ಯ ಗಾಯಕ ಪೀಟರ್ ಗ್ಯಾರೆಟ್ ಕಾನೂನು ಪದವೀಧರ. ೧೯೮೪ರಲ್ಲಿ ಅಣ್ವಸ್ತ್ರ ವಿರೋಧಿ ಪಕ್ಷದ ಅಭ್ಯರ್ಥಿಯಾಗಿ ಸೆನೆಟ್ಟಿಗೆ ಸ್ಪರ್ಧಿಸಿ ಅಲ್ಪಾಂತರದಲ್ಲಿ ಸೋತವರು. ಡೋಲು ನುಡಿಸುವ ರಾಬ್ ಹರ್ಸ್ಟ್, ಗಿಟಾರ್ ವಾದಕ ಜಿಮ್ ಮೊಗಿನಿ ಇವರಿಬ್ಬರೂ ಗ್ಯಾರೆಟ್ಟರೊಡನೆ ಸೇರಿ ಬಹುಪಾಲು ಗೀತೆಗಳನ್ನು ರಚಿಸಿದರು. ವೃಂದಕ್ಕೆ ಆರನೆಯದಾದ ಈ ಮುದ್ರಿಕೆಯು ಆಸ್ಟ್ರೇಲಿಯದಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿದುದಲ್ಲದೆ, ಮರುವರ್ಷ ಅಮೆರಿಕದ ಪಟ್ಟಿಯಲ್ಲಿ ೨೧ನೆಯ ಸ್ಥಾನವನ್ನು ಮುಟ್ಟಿತು. ಅದರ ಮೊದಲ ಗೀತೆಯಾದ ‘ಬೆಡ್ಸ್ ಆರ್ ಬರ್ನಿಂಗ್’ ಅಲ್ಲಿಯೇ ೧೭ನೆಯ ಸ್ಥಾನಕ್ಕೆ ಬಂದಿತು. ಒಂದು ಪ್ರಾಂತದ ಗಾಯಕರು ಲೋಕಪ್ರಸಿದ್ಧರಾದುದು ಹೀಗೆ. ಮಧ್ಯ ಆಸ್ಟ್ರೇಲಿಯದ ಮರುಭೂಮಿಯಲ್ಲಿ ಒಂದು ಮೂಲನಿವಾಸಿ ಸಮುದಾಯಕ್ಕೆ ನೆಲವನ್ನು ಹಿಂದಿರುಗಿಸಬೇಕೆಂಬ ಪ್ರಮೇಯವುಳ್ಳ ಗೀತೆಯು ಆ ಹೆಸರುಗಳನ್ನೇ ಕೇಳದ ದೇಶಗಳಲ್ಲಿ ನೃತ್ಯಕ್ಕೆ ಒದಗಿತೆಂಬುದು ವಿಚಾರಾರ್ಹವಾದ ಸಂಗತಿ.

ಈ ಮುದ್ರಿಕೆಯನ್ನು ಕುರಿತು ನಾನು ಕೇಳಬಯಸುವ ಪ್ರಶ್ನೆ ಒಂದೇ: ಈ ಗೀತೆಗಳಲ್ಲಿ ‘ನಾವು’ ಎಂದು ಹೇಳುತ್ತಿರುವವರು ಯಾರು? ಇದು ಬರಿಯ ವ್ಯಾಕರಣದ ಪ್ರಶ್ನೆಯಲ್ಲ. ಈ ಕೃತಿಯ ಸತ್ವವೂ ಅದರ ದೌರ್ಬಲ್ಯವೂ ಈ ಒಂದು ಸರ್ವನಾಮದಲ್ಲಿಯೇ ಅಡಗಿವೆಯೆಂದು ನನ್ನ ಅಭಿಪ್ರಾಯ.

೨

ಗೀತೆಗಳ ಅರ್ಥವಾಗಬೇಕಾದರೆ ಅವುಗಳ ಹಿಂದಿನ ಚರಿತ್ರೆಯನ್ನು ಸಂಕ್ಷೇಪವಾಗಿಯಾದರೂ ತಿಳಿದಿರಬೇಕು. ೧೭೮೮ರ ಜನವರಿ ೨೬ರಂದು ಬ್ರಿಟಿಷರ ಮೊದಲ ನೌಕಾಪಡೆಯು ಸಿಡ್ನಿಯಲ್ಲಿ ಇಳಿದು ವಸಾಹತನ್ನು ಸ್ಥಾಪಿಸಿತು. ಆ ನೆಲದಲ್ಲಿ ಸಹಸ್ರಾರು ವರ್ಷಗಳಿಂದ ಜನ ವಾಸಿಸುತ್ತಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಅದು ಯಾರಿಗೂ ಸೇರದ ನೆಲವೆಂದೇ ನಡೆದುಕೊಂಡು ಬಂದಿತು. ನ್ಯೂಜಿಲೆಂಡಿನಲ್ಲಿ ೧೮೪೦ರಲ್ಲಿ ಮಾವೊರಿಗಳೊಡನೆ ಆದಂತಹ ಒಡಂಬಡಿಕೆ ಇಲ್ಲಿ ಆಗಲೇ ಇಲ್ಲ. ೧೯೭೧ರಲ್ಲಿ ಗೋವ್ ಪ್ರದೇಶದ ಯೋಲ್ಂಗು ಜನರು ಗಣಿ ಕಂಪನಿಯ ವಿರುದ್ಧ ಹೂಡಿದ ವ್ಯಾಜ್ಯದಲ್ಲಿ, ಅವರಿಗೆ ಸುವ್ಯವಸ್ಥಿತವಾದ ಧರ್ಮನಿಯಮಗಳಿರುವುದನ್ನು ನ್ಯಾಯಾಧೀಶರು ಒಪ್ಪಿಕೊಂಡರೂ, ಅದರಿಂದ ನೆಲದ ಮೇಲೆ ಸ್ವತ್ತಿನ ಹಕ್ಕು ಹುಟ್ಟುವುದಿಲ್ಲವೆಂದು ತೀರ್ಪಿತ್ತರು. ಇದಕ್ಕೂ ಮೊದಲೇ, ೧೯೬೬ರಲ್ಲಿ, ಗರಿಂಜಿ ಜನರು ವೇವ್ ಹಿಲ್ ಪಶುಪಾಲನಾ ಕೇಂದ್ರದ ಕೆಲಸವನ್ನು ಬಿಟ್ಟು ಹೊರನಡೆದು ನೆಲವನ್ನು ಕೇಳತೊಡಗಿದ್ದರು. ಈ ಹೋರಾಟಗಳ ಪರಿಣಾಮವಾಗಿ ೧೯೭೬ರಲ್ಲಿ ಉತ್ತರ ಪ್ರಾಂತಕ್ಕೆ ಮಾತ್ರ ಅನ್ವಯಿಸುವ ಭೂಹಕ್ಕಿನ ಶಾಸನ ಬಂದಿತು.

‘ಬೆಡ್ಸ್ ಆರ್ ಬರ್ನಿಂಗ್’ ಗೀತೆಯ ಹಿನ್ನೆಲೆಯಲ್ಲಿರುವವರು ಪಶ್ಚಿಮ ಮರುಭೂಮಿಯ ಪಿಂಟುಪಿ ಜನರು. ಬ್ರಿಟನ್ ದೇಶವು ಎರಡನೆಯ ಮಹಾಯುದ್ಧದ ತರುವಾಯ ದಕ್ಷಿಣ ಆಸ್ಟ್ರೇಲಿಯದ ವೂಮೆರಾದಲ್ಲಿ ರಾಕೆಟ್ ಪರೀಕ್ಷಾ ಕ್ಷೇತ್ರವನ್ನು ಸ್ಥಾಪಿಸಿತು. ರಾಕೆಟ್ಟುಗಳು ವಾಯವ್ಯಾಭಿಮುಖವಾಗಿ ಹಾರುತ್ತಿದ್ದುದು ಈ ಮರುಭೂಮಿಯ ಮೇಲೆಯೇ. ಅದಕ್ಕೆ ಬೇಕಾದ ಹವಾಮಾನ ಕೇಂದ್ರವೂ ರಸ್ತೆಗಳೂ ೧೯೫೦ರ ದಶಕದಲ್ಲಿ ನಿರ್ಮಾಣವಾದುವು. ಅಧಿಕಾರಿಗಳು ಮರುಭೂಮಿಯನ್ನು ಸುತ್ತಿ ಅಲ್ಲಿ ಉಳಿದಿದ್ದ ಕುಟುಂಬಗಳನ್ನು ಹುಡುಕಿದರು. ಪಿಂಟುಪಿಗಳಲ್ಲಿ ಬಹುಮಂದಿ, ೧೯೫೯ರಲ್ಲಿ ಸ್ಥಾಪಿತವಾಗಿದ್ದ ಪಪುನ್ಯ ಎಂಬ ಸರ್ಕಾರಿ ವಸತಿಗೆ ಬಂದು ಸೇರಿದರು. ಪರಿಚಯವಿಲ್ಲದ ಆಹಾರ, ಪರಿಚಯವಿಲ್ಲದ ರೋಗ, ಅನ್ಯಭಾಷೆಯ ಜನರ ನಡುವಣ ಇಕ್ಕಟ್ಟು, ಇವುಗಳಿಂದ ಅಲ್ಲಿ ಅನೇಕರು ಅಕಾಲದಲ್ಲಿ ತೀರಿಕೊಂಡರು. ಉಳಿದವರು ತಮ್ಮ ನೆಲವನ್ನು ಮರೆಯಲಿಲ್ಲ. ೧೯೭೧ರಿಂದ ಮುಂದಕ್ಕೆ ಪಪುನ್ಯದಲ್ಲಿ ಅವರೂ ನೆರೆಯ ಸಮುದಾಯಗಳವರೂ ಹಲಗೆಯ ಮೇಲೂ ಬಟ್ಟೆಯ ಮೇಲೂ ಬರೆದ ಚಿತ್ರಗಳು ಲೋಕವಿಖ್ಯಾತವಾದುವು. ನೋಡುವವರಿಗೆ ಅವು ಚುಕ್ಕಿ ಗೆರೆಗಳ ವಿನ್ಯಾಸ. ಬರೆದವರಿಗೆ, ಇಂಥ ಒರತೆ ಇಂಥ ಗುಡ್ಡ ತಮ್ಮದೆಂದು ಸಾರುವ ಹಕ್ಕುಪತ್ರ. ೧೯೮೧ರಲ್ಲಿ ಪಿಂಟುಪಿಗಳು ಪಪುನ್ಯವನ್ನು ಬಿಟ್ಟು, ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಸುಮಾರು ೫೦೦ ಕಿಲೋಮೀಟರ್ ದೂರದ ಕಿಂಟೋರ್‌ಗೆ ಮರಳಿ ನೆಲೆಸಿದರು.

ಈ ಕೊನೆಯ ಇಸವಿಯನ್ನು ವಾಚಕರು ಗಮನಿಸಬೇಕು. ಗೀತೆ ಬಂದದ್ದು ೧೯೮೭ರಲ್ಲಿ. ಜನ ಮರಳಿದ್ದು ಅದಕ್ಕೆ ಆರು ವರ್ಷ ಮೊದಲು. ಯಾರ ಪರವಾಗಿ ಗೀತೆ ಕೂಗುತ್ತದೆಯೋ ಅವರು ಗೀತೆಗಾಗಿ ಕಾದುಕುಳಿತಿರಲಿಲ್ಲ.

೩

೧೯೮೬ರಲ್ಲಿ ಮಿಡ್‌ನೈಟ್ ಆಯಿಲ್ ವೃಂದವು ‘ವರುಂಪಿ ಬ್ಯಾಂಡ್’ ಎಂಬ ಇನ್ನೊಂದು ವೃಂದದೊಡನೆ ಮರುಭೂಮಿಯ ದೂರದ ವಸತಿಗಳಲ್ಲಿ ಪ್ರವಾಸ ಮಾಡಿತು. ವರುಂಪಿ ಬ್ಯಾಂಡ್ ಹುಟ್ಟಿದ್ದು ಪಪುನ್ಯದಲ್ಲಿಯೇ. ಮೂಲನಿವಾಸಿಗಳ ಭಾಷೆಯೊಂದರಲ್ಲಿ ಹೊರಬಂದ ಮೊದಲ ರಾಕ್ ಮುದ್ರಿಕೆ, ೧೯೮೩ರಲ್ಲಿ, ಅವರದು. ನಗರದ ಗಾಯಕರು ನಗರದ ರೂಢಿಯಂತೆ ಕಿವಿಗಡಚಿಕ್ಕುವ ಧ್ವನಿವರ್ಧಕಗಳೊಡನೆ ಅಲ್ಲಿಗೆ ಹೋದರು. ಹಾಡಿನ ವಿಷಯವಂತಿರಲಿ, ಹಾಡುವ ರೀತಿಯನ್ನೇ ತಿದ್ದಿಕೊಂಡು ಬಂದರು. ಹಿಂದಿನ ಮುದ್ರಿಕೆಗಳಲ್ಲಿ ಕಾಣುವ ಜಟಿಲವಾದ ವಾದ್ಯರಚನೆ ‘ಡೀಸೆಲ್ ಅಂಡ್ ಡಸ್ಟ್’ನಲ್ಲಿ ಸಡಿಲವಾಗಿದೆ. ತಾಳ ನೇರ, ಸ್ವರಗಳ ನಡುವೆ ವಿರಾಮ ಹೆಚ್ಚು, ಪಲ್ಲವಿಯನ್ನು ಒಬ್ಬ ಗಾಯಕನಲ್ಲದೆ ಗುಂಪು ಹಾಡುತ್ತದೆ. ವಾರ್ನ್ ಲಿವ್ಸೀ ಅವರ ನಿರ್ಮಾಣನಿರ್ದೇಶನದಲ್ಲಿ ಈ ಸರಳತೆಗೆ ಹೊಳಪು ಬಂದಿತೆಂಬುದು ನಿಜ. ಆದರೆ ಸರಳತೆಯ ಮೂಲವನ್ನು ಪ್ರವಾಸದಲ್ಲಿಯೇ ಹುಡುಕಬೇಕೆಂದು ತೋರುತ್ತದೆ.

‘ಬೆಡ್ಸ್ ಆರ್ ಬರ್ನಿಂಗ್’ ಗೀತೆಯು ತುತ್ತೂರಿಗಳ ಮೂರು ಸ್ವರಗಳ ಘೋಷದಿಂದ ಆರಂಭವಾಗುತ್ತದೆ. ಅನಂತರ ವಾದ್ಯಗಳೆಲ್ಲ ಹಿಂದೆ ಸರಿದು, ಮಂದ್ರಗಿಟಾರಿನ ಮೇಲೆ ನಡೆಯುವ ಚರಣದಲ್ಲಿ ಮರುಭೂಮಿಯ ಮರಗಳು, ಕೆಟ್ಟು ಬಿದ್ದ ಮೋಟಾರುಗಳು, ಸುಡುವ ತಾಪ, ಕಿಂಟೋರ್ ಮೊದಲಾದ ಊರುಗಳ ಹೆಸರುಗಳು ಒಂದೊಂದಾಗಿ ಬರುತ್ತವೆ. ಇಲ್ಲಿ ದುಃಖದ ವರ್ಣನೆ ಇಲ್ಲ, ಕರುಣೆಯ ಯಾಚನೆ ಇಲ್ಲ. ನೆಲವನ್ನು ಹೆಸರಿಟ್ಟು ಕರೆಯುವುದರಿಂದಲೇ ಅದು ಬರಿದಾದ ನೆಲವಲ್ಲವೆಂಬುದು ಸಿದ್ಧವಾಗುತ್ತದೆ. ಆಮೇಲೆ ಬರುವ ಪಲ್ಲವಿಯ ವಾದವು ಲೆಕ್ಕಪತ್ರದ ಭಾಷೆಯಲ್ಲಿದೆ: ಅನ್ಯರ ನೆಲದಲ್ಲಿ ವಾಸಿಸುತ್ತಿರುವವರು ಅದರ ಬಾಡಿಗೆಯನ್ನು ಸಲ್ಲಿಸಿಲ್ಲ, ಪಾಲನ್ನು ಕೊಟ್ಟಿಲ್ಲ, ಬಾಕಿಯನ್ನು ತೀರಿಸುವ ಕಾಲ ಬಂದಿದೆ.

ಈ ವಾದವು ಗಾಯಕರ ಸ್ವಂತ ಕಲ್ಪನೆಯಲ್ಲ. ನೆಲಕ್ಕೆ ಬಾಡಿಗೆ ತೆರಬೇಕೆಂಬ ಬೇಡಿಕೆ ಮೂಲನಿವಾಸಿಗಳ ಚಳವಳಿಯಲ್ಲಿ ಮೊದಲೇ ಇದ್ದಿತು. ಅಷ್ಟೇ ಅಲ್ಲ, ಅದಕ್ಕೆ ಕಾನೂನಿನ ಒಂದು ನಿದರ್ಶನವೂ ಆಗಲೇ ಒದಗಿದ್ದಿತು. ೧೯೮೫ರ ಅಕ್ಟೋಬರ್ ೨೬ರಂದು ಸರ್ಕಾರವು ಉಲುರು ಎಂಬ ಮಹಾಶಿಲೆಯನ್ನೂ ಸುತ್ತಣ ನೆಲವನ್ನೂ ಅನಂಗು ಜನರಿಗೆ ಒಪ್ಪಿಸಿತು. ಅವರು ಅದನ್ನು ೯೯ ವರ್ಷಗಳ ಅವಧಿಗೆ ರಾಷ್ಟ್ರೀಯ ಉದ್ಯಾನದ ಆಡಳಿತಕ್ಕೆ ಗುತ್ತಿಗೆಯಾಗಿ ಹಿಂದಕ್ಕೆ ಕೊಡಬೇಕೆಂಬ ಷರತ್ತು ಜೊತೆಗೇ ಇದ್ದಿತು. ಕೊಟ್ಟ ಕೈಯಿಂದಲೇ ಕಿತ್ತುಕೊಂಡಂತಾಯಿತೆಂದು ಇದನ್ನು ಆಕ್ಷೇಪಿಸಬಹುದು. ಆದರೆ ಅದರ ಇನ್ನೊಂದು ಮುಖವೂ ಇದೆ: ರಾಜ್ಯಾಡಳಿತವೇ ಮೂಲನಿವಾಸಿಗಳ ಒಕ್ಕಲಾಗಿ, ಅವರಿಗೆ ಬಾಡಿಗೆಯನ್ನೂ ಪ್ರವೇಶಶುಲ್ಕದಲ್ಲಿ ಒಂದು ಪಾಲನ್ನೂ ಸಲ್ಲಿಸಲು ಒಪ್ಪಿತು. ಗೀತೆಯ ರೂಪಕಕ್ಕೆ ಉಲುರುವಿನಲ್ಲಿ ಒಂದು ಪತ್ರವೇ ಇದ್ದಿತೆನ್ನಬಹುದು.

ಕನ್ನಡ ಓದುಗರು ಇಲ್ಲಿ ಒಂದು ಎಚ್ಚರವನ್ನು ವಹಿಸಬೇಕು. ಗೇಣಿ, ಒಕ್ಕಲು ಎಂಬ ಮಾತುಗಳು ಬಂದೊಡನೆ ನಮ್ಮ ಸಹಾನುಭೂತಿ ಗೇಣಿದಾರನ ಕಡೆಗೆ ಹರಿಯುತ್ತದೆ. ೧೯೭೪ರ ಭೂಸುಧಾರಣೆಯನ್ನು ಕಂಡ ನಾಡಿಗೆ ಇದು ಸಹಜ. ಆಸ್ಟ್ರೇಲಿಯದ ಚಿತ್ರ ಇದಕ್ಕೆ ತಿರುಗುಮುರುಗು. ಅಲ್ಲಿ ಬಾಕಿದಾರನೇ ಬಲಶಾಲಿ; ನೆಲದೊಡೆಯನೇ ನಿರ್ಗತಿಕ. ಗೀತೆಯ ನೈತಿಕ ಶಕ್ತಿ ಈ ವಿಪರ್ಯಾಸದಿಂದ ಹುಟ್ಟಿದುದು.

೪

ಈಗ ಮುಖ್ಯ ಪ್ರಶ್ನೆಗೆ ಬರೋಣ. ತೆಲುಗಿನಲ್ಲಿ ‘ಮನಮು’ ಎಂದರೆ ಕೇಳುವವನನ್ನೂ ಸೇರಿಸಿಕೊಂಡ ನಾವು. ‘ಮೇಮು’ ಎಂದರೆ ಅವನನ್ನು ಬಿಟ್ಟ ನಾವು. ತಮಿಳಿನಲ್ಲಿಯೂ ಈ ಭೇದವುಂಟು. ಇಂದಿನ ಕನ್ನಡದಲ್ಲಿಯಾಗಲಿ ಇಂಗ್ಲಿಷಿನಲ್ಲಿಯಾಗಲಿ ಈ ಭೇದವನ್ನು ತೋರಿಸುವ ಪದಗಳಿಲ್ಲ. ಯಾರನ್ನು ಒಳಗೆ ಕರೆಯಲಾಗಿದೆ, ಯಾರನ್ನು ಹೊರಗಿಡಲಾಗಿದೆ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ‘ಬೆಡ್ಸ್ ಆರ್ ಬರ್ನಿಂಗ್’ ಗೀತೆಯ ‘ನಾವು’ ಸ್ಪಷ್ಟವಾಗಿ ‘ಮನಮು’. ಹಾಡುವವನೂ ವಲಸೆ ಬಂದವರ ವಂಶದವನು. ಕೇಳಿ ಕುಣಿಯುವವನೂ ಅವನೇ. ನೆಲದೊಡೆಯರು ಗೀತೆಯಲ್ಲಿ ‘ಅವರು’ ಆಗಿದ್ದಾರೆ. ಸಾಮಾನ್ಯ ಪ್ರತಿಭಟನೆಯ ಗೀತೆಯಲ್ಲಿ ಅಪರಾಧಿಯು ಮೂರನೆಯವನಾಗಿರುತ್ತಾನೆ: ದೊರೆ, ದಣಿ, ಸೈನ್ಯಾಧಿಕಾರಿ. ಅವನನ್ನು ಬೈದು ಹಾಡುಗನೂ ಕೇಳುಗನೂ ಸಮಾನವಾಗಿ ನಿರ್ದೋಷಿಗಳಾಗಿ ಮನೆಗೆ ಹೋಗುತ್ತಾರೆ. ಇಲ್ಲಿ ಹಾಗೆ ಹೋಗಲು ದಾರಿಯಿಲ್ಲ. ಪಲ್ಲವಿಗೆ ದನಿಗೂಡಿಸಿದವನು ತಾನು ಬಾಕಿದಾರನೆಂದು ಒಪ್ಪಿಕೊಂಡಂತೆಯೇ. ಇದು ಈ ಗೀತೆಯ ನಿಜವಾದ ಸಾಧನೆ.

‘ದ ಡೆಡ್ ಹಾರ್ಟ್’ ಗೀತೆಯ ರೀತಿ ಬೇರೆ. ಉಲುರುವಿನ ಹಸ್ತಾಂತರವನ್ನು ಕುರಿತ ಚಿತ್ರಕ್ಕಾಗಿ ರಚಿತವಾಗಿ, ೧೯೮೬ರಲ್ಲಿಯೇ ಬಿಡಿಯಾಗಿ ಹೊರಬಂದ ಗೀತೆ ಇದು. ಇದರ ಶೀರ್ಷಿಕೆಯಲ್ಲಿಯೇ ಚರಿತ್ರೆಯಿದೆ. ಭೂವಿಜ್ಞಾನಿ ಜೆ. ಡಬ್ಲ್ಯು. ಗ್ರೆಗರಿಯವರು ೧೯೦೬ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಿಂದ, ಮಧ್ಯ ಆಸ್ಟ್ರೇಲಿಯವನ್ನು ‘ಸತ್ತ ಹೃದಯ’ ಎನ್ನುವ ವಾಡಿಕೆ ಬೆಳೆಯಿತು. ನೀರಿಲ್ಲದ ನೆಲ ಸತ್ತ ನೆಲ, ಸತ್ತ ನೆಲಕ್ಕೆ ಒಡೆಯರಿಲ್ಲ ಎಂಬ ಭಾವನೆಗೆ ಅದು ಅನುಕೂಲವಾಯಿತು. ಆ ನುಡಿಯನ್ನೇ ಎತ್ತಿಕೊಂಡು, ಸತ್ತುದೆನಿಸಿದ ಹೃದಯ ಅಲ್ಲಿನ ಜನರಲ್ಲಿ ಜೀವಂತವಾಗಿದೆಯೆಂದು ಗೀತೆ ಸಾಧಿಸುತ್ತದೆ. ಗೀತೆಯ ಆದಾಯವನ್ನು ಮೂಲನಿವಾಸಿ ಸಮುದಾಯಗಳಿಗೆ ಬಿಟ್ಟುಕೊಟ್ಟುದು ಪ್ರಶಂಸನೀಯ. ಆದರೆ ಇಲ್ಲಿನ ‘ನಾವು’ ಮೂಲನಿವಾಸಿಗಳು. ಹಾಡುವ ಕಂಠ ಮಾತ್ರ ಬಿಳಿಯರದು. ಒಬ್ಬನ ಬಾಯಿಯಲ್ಲಿ ಇನ್ನೊಬ್ಬನ ‘ಮೇಮು’ ಬಂದಂತಾಗಿದೆ.

ಇದನ್ನು ಸಮರ್ಥಿಸುವವರು, ನಾಟಕದಲ್ಲಿ ನಟನು ಪರಕಾಯವನ್ನು ಪ್ರವೇಶಿಸುವುದಿಲ್ಲವೆ, ಕವಿಯು ಪಾತ್ರದ ಬಾಯಲ್ಲಿ ಮಾತನಾಡುವುದಿಲ್ಲವೆ ಎಂದು ಕೇಳಬಹುದು. ಕಾವ್ಯನ್ಯಾಯದ ದೃಷ್ಟಿಯಿಂದ ಆ ವಾದಕ್ಕೆ ಬೆಲೆಯಿದೆ. ಚರಿತ್ರೆಯ ದೃಷ್ಟಿಯಿಂದ ಮಾತ್ರ ಒಂದು ತೊಡಕು ಉಳಿಯುತ್ತದೆ. ನೆಲವು ತನ್ನದೆಂದು ಹೇಳುವ ಅಧಿಕಾರ ಆ ಸಮುದಾಯಗಳಲ್ಲಿ ಎಲ್ಲರಿಗೂ ಸಮಾನವಾಗಿರದೆ, ಇಂಥ ಸ್ಥಳದ ಕಥೆಯನ್ನು ಇಂಥವರೇ ಹೇಳಬೇಕೆಂಬ ಕಟ್ಟುಪಾಡಿನಲ್ಲಿರುತ್ತದೆ. ಹಾಗಿರುವಾಗ ಒಂದು ಖಂಡದ ಎಲ್ಲ ಮೂಲನಿವಾಸಿಗಳನ್ನೂ ಒಂದೇ ‘ನಾವು’ ಎಂಬುದರಲ್ಲಿ ಸೇರಿಸಿ ಅನ್ಯನೊಬ್ಬನು ಹಾಡಿದರೆ, ಆ ಕಟ್ಟುಪಾಡೇ ಮರೆಯಾಗುತ್ತದೆ. ‘ಬುಲ್‌ರೋರರ್’ ಎಂಬ ಗೀತೆಯ ವಿಷಯದಲ್ಲಿಯೂ ಇದೇ ಸಂಶಯ ಬರುತ್ತದೆ. ದಾರಕ್ಕೆ ಕಟ್ಟಿ ಬೀಸಿ ಮೊರೆಯುವಂತೆ ಮಾಡುವ ಆ ಹಲಗೆಯು ಅನೇಕ ಸಮುದಾಯಗಳಲ್ಲಿ ದೀಕ್ಷೆಯಿಲ್ಲದವರು ನೋಡಬಾರದ ಪವಿತ್ರವಸ್ತು. ಅದರ ಹೆಸರನ್ನು ಅಂಗಡಿಯ ಸರಕಿನ ಮೇಲೆ ಇಡುವಾಗ ಇನ್ನಷ್ಟು ಸಂಕೋಚ ಇರಬೇಕಾಗಿತ್ತು.

ಉಳಿದ ಗೀತೆಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ‘ಪುಟ್ ಡೌನ್ ದಟ್ ವೆಪನ್’, ‘ಆರ್ಕ್‌ಟಿಕ್ ವರ್ಲ್ಡ್’ ಇವು ಯುದ್ಧ, ಪರಿಸರ ಮುಂತಾದ ವಿಷಯಗಳನ್ನು ಸದುದ್ದೇಶದಿಂದ ಎತ್ತಿಕೊಂಡರೂ, ಊರು ಹೆಸರಿಲ್ಲದ ಸಾಮಾನ್ಯ ಉಪದೇಶಗಳಾಗಿ ಉಳಿದಿವೆ. ಇದಕ್ಕೆ ಹೋಲಿಸಿದರೆ, ೧೯೮೨ರಲ್ಲಿ ಬ್ರಿಸ್ಬೇನಿನಲ್ಲಿ ಕೆಡವಲ್ಪಟ್ಟ ಕ್ಲೌಡ್‌ಲ್ಯಾಂಡ್ ಎಂಬ ನೃತ್ಯಮಂದಿರವನ್ನು ನೆನೆಯುವ ‘ಡ್ರೀಮ್‌ವರ್ಲ್ಡ್’ ಹೆಚ್ಚು ಗಟ್ಟಿಯಾದುದು. ಸ್ಥಳನಾಮ ಬಂದ ಕಡೆ ಈ ಗಾಯಕರ ಮಾತಿಗೆ ತೂಕ ಬರುತ್ತದೆ. ಸ್ಥಳನಾಮ ಹೋದ ಕಡೆ ಘೋಷಣೆಯಾಗುತ್ತದೆ. ರಾಕೆಟ್ ಪರೀಕ್ಷೆಯ ಸಲುವಾಗಿ ಮರುಭೂಮಿಯನ್ನು ಸೀಳಿ ೧೯೫೮ರಲ್ಲಿ ಮುಗಿಸಿದ ರಸ್ತೆಯ ಹೆಸರನ್ನೇ ಹೊತ್ತ ‘ಗನ್‌ಬ್ಯಾರೆಲ್ ಹೈವೇ’ ಎಂಬ ಗೀತೆಯನ್ನು ಅಮೆರಿಕದ ಆವೃತ್ತಿಯಿಂದ ಕೈಬಿಡಲಾಯಿತು. ಪಿಂಟುಪಿಗಳ ಕಥೆಗೆ ಇಷ್ಟು ಹತ್ತಿರವಾದ ಹೆಸರು ಪರದೇಶದ ಕೇಳುಗರಿಗೆ ಮುಟ್ಟದೆ ಹೋದುದು ವಿಷಾದಕರ.

೫

ಗೀತೆಯ ಪರಿಣಾಮವೇನು? ಇಲ್ಲಿ ಕಾಲಾನುಕ್ರಮವನ್ನು ಬಿಟ್ಟರೆ ಬೇರೆ ಮಾರ್ಗದರ್ಶಿಯಿಲ್ಲ. ಮುದ್ರಿಕೆ ಹೊರಬಂದ ಕೆಲವೇ ತಿಂಗಳಲ್ಲಿ, ೧೯೮೮ರ ಜನವರಿ ೨೬ರಂದು, ಆಸ್ಟ್ರೇಲಿಯವು ವಸಾಹತಿನ ದ್ವಿಶತಮಾನೋತ್ಸವವನ್ನು ಆಚರಿಸಿತು; ಅಂದೇ ಸಿಡ್ನಿಯಲ್ಲಿ ಮೂಲನಿವಾಸಿಗಳೂ ಅವರ ಬೆಂಬಲಿಗರೂ ಸಹಸ್ರ ಸಹಸ್ರ ಸಂಖ್ಯೆಯಲ್ಲಿ ಪ್ರತಿಭಟನಾ ಮೆರವಣಿಗೆ ನಡೆಸಿದರು. ಅದೇ ವರ್ಷ ಬರುಂಗದಲ್ಲಿ ಪ್ರಧಾನಮಂತ್ರಿ ಹಾಕ್ ಅವರು ಒಡಂಬಡಿಕೆಯ ಭರವಸೆಯನ್ನಿತ್ತರು, ಅದು ಈಡೇರಲಿಲ್ಲ. ೧೯೯೨ರ ಜೂನ್ ೩ರಂದು ಉಚ್ಚ ನ್ಯಾಯಾಲಯವು ಮೇಬೊ ಮೊಕದ್ದಮೆಯಲ್ಲಿ, ಆ ನೆಲ ಯಾರದೂ ಆಗಿರಲಿಲ್ಲವೆಂಬ ವಾದವನ್ನು ತಳ್ಳಿಹಾಕಿತು. ಇದನ್ನು ಗೀತೆಯ ಗೆಲುವೆಂದು ಹೇಳುವವರಿದ್ದಾರೆ. ಆದರೆ ಟಾರೆಸ್ ಜಲಸಂಧಿಯ ದ್ವೀಪವಾಸಿಯಾದ ಎಡ್ಡಿ ಮೇಬೊ ಅವರೂ ಅವರ ಸಂಗಡಿಗರೂ ಆ ವ್ಯಾಜ್ಯವನ್ನು ಹೂಡಿದ್ದು ೧೯೮೨ರಲ್ಲಿ. ಹತ್ತು ವರ್ಷ ಸಾಕ್ಷ್ಯ ನುಡಿದವರು ಅವರು. ತೀರ್ಪು ಬರುವ ಮೊದಲೇ, ೧೯೯೨ರ ಜನವರಿಯಲ್ಲಿ, ಮೇಬೊ ತೀರಿಕೊಂಡರು. ಆ ಗೆಲುವಿನ ಕೀರ್ತಿ ಅವರಿಗೇ ಸಲ್ಲತಕ್ಕುದು.

ಗೀತೆಯಿಂದ ನೇರವಾಗಿ ಆದ ಉಪಕಾರಗಳು ಇನ್ನೂ ಚಿಕ್ಕವು, ಆದರೆ ನಿಶ್ಚಿತವಾದುವು. ೧೯೮೮ರ ಉತ್ತರ ಅಮೆರಿಕದ ಪ್ರವಾಸದಲ್ಲಿ ಮಿಡ್‌ನೈಟ್ ಆಯಿಲ್ ವೃಂದವು ಯೋಲ್ಂಗು ಜನರ ‘ಯೋತು ಯಿಂಡಿ’ ವೃಂದವನ್ನು ಜೊತೆಗೆ ಕರೆದೊಯ್ದಿತು. ೧೯೯೧ರಲ್ಲಿ ಆ ವೃಂದವು ಈಡೇರದ ಒಡಂಬಡಿಕೆಯ ಭರವಸೆಯನ್ನು ಕುರಿತು ‘ಟ್ರೀಟಿ’ ಎಂಬ ಗೀತೆಯನ್ನು ಹಾಡಿ ದೇಶಾದ್ಯಂತ ಜನಪ್ರಿಯವಾದಾಗ, ಮೂಲನಿವಾಸಿಗಳ ‘ನಾವು’ ಅವರ ಕಂಠದಿಂದಲೇ ಹೊರಟಿತು. ‘ದ ಡೆಡ್ ಹಾರ್ಟ್’ ಗೀತೆಯಲ್ಲಿದ್ದ ಕೊರತೆಗೆ ಇದೇ ಸರಿಯಾದ ಉತ್ತರ.

೨೦೦೦ದ ಅಕ್ಟೋಬರ್ ೧ರಂದು, ಸಿಡ್ನಿ ಒಲಿಂಪಿಕ್ ಕ್ರೀಡೆಗಳ ಸಮಾರೋಪದಲ್ಲಿ, ಈ ಗಾಯಕರು ‘ಕ್ಷಮಿಸಿ’ ಎಂಬರ್ಥದ ಇಂಗ್ಲಿಷ್ ಪದವನ್ನು ಅಚ್ಚೊತ್ತಿದ ಕಪ್ಪು ಉಡುಪನ್ನು ಧರಿಸಿ ‘ಬೆಡ್ಸ್ ಆರ್ ಬರ್ನಿಂಗ್’ ಹಾಡಿದರು. ತಾಯಿತಂದೆಯರಿಂದ ಅಗಲಿಸಲ್ಪಟ್ಟ ಮೂಲನಿವಾಸಿ ಮಕ್ಕಳ ವಿಷಯದಲ್ಲಿ ಸರ್ಕಾರದ ಪರವಾಗಿ ಕ್ಷಮೆ ಕೇಳಲು ಒಪ್ಪದಿದ್ದ ಪ್ರಧಾನಮಂತ್ರಿ ಹೋವರ್ಡ್ ಸಭೆಯಲ್ಲಿದ್ದರು. ಆ ಕ್ಷಮಾಯಾಚನೆ ೨೦೦೮ರ ಫೆಬ್ರುವರಿ ೧೩ರಂದು ಪ್ರಧಾನಮಂತ್ರಿ ರಡ್ ಅವರಿಂದ ಬಂದಾಗ, ಗ್ಯಾರೆಟ್ ಆ ಮಂತ್ರಿಮಂಡಲದ ಸದಸ್ಯರಾಗಿದ್ದರು. ಮುಂದಿನ ವರ್ಷ ಅವರೇ ಯುರೇನಿಯಂ ಗಣಿಯೊಂದಕ್ಕೆ ಅನುಮತಿಯಿತ್ತು ಹಳೆಯ ಅಭಿಮಾನಿಗಳ ಟೀಕೆಗೆ ಗುರಿಯಾದರು. ಕರ್ತೃವಿನ ಉತ್ತರಜೀವನದಿಂದ ಕೃತಿಯನ್ನು ಅಳೆಯುವುದು ಸರಿಯಲ್ಲವಾದುದರಿಂದ ಇದನ್ನು ಇಲ್ಲಿಗೆ ಬಿಡಬಹುದು.

ಬಿಡಲಾಗದ ಸಂಗತಿ ಇನ್ನೊಂದಿದೆ. ಸಂವಿಧಾನದಲ್ಲಿ ಮೂಲನಿವಾಸಿಗಳಿಗೆ ಸಲಹಾಮಂಡಲಿಯೊಂದನ್ನು ಏರ್ಪಡಿಸುವ ಪ್ರಶ್ನೆಯ ಮೇಲೆ ೨೦೨೩ರ ಅಕ್ಟೋಬರ್ ೧೪ರಂದು ಜನಮತಗಣನೆ ನಡೆಯಿತು. ಆರು ರಾಜ್ಯಗಳಲ್ಲಿಯೂ ಅದು ಸೋತಿತು. ದೇಶದಲ್ಲಿ ನೂರಕ್ಕೆ ಸುಮಾರು ೬೦ ಮತಗಳು ವಿರುದ್ಧವಾಗಿ ಬಿದ್ದುವು. ಮತದಾರರಲ್ಲಿ ಬಹುಮಂದಿ ಈ ಗೀತೆಯನ್ನು ಬಾಲ್ಯದಿಂದ ಬಲ್ಲವರು, ಅದರ ಪಲ್ಲವಿಗೆ ದನಿಗೂಡಿಸಿದವರು. ಹಾಡುವಾಗ ‘ನಾವು ಬಾಕಿದಾರರು’ ಎಂದ ಬಾಯಿ, ಮತಪತ್ರದ ಮುಂದೆ ‘ಇಲ್ಲ’ ಎಂದಿತು.

೬

ಇದರಿಂದ ಗೀತೆ ವ್ಯರ್ಥವಾಯಿತೆಂದು ಹೇಳಬೇಕೆ? ಹಾಗೆ ತೋರುವುದಿಲ್ಲ. ಗೀತೆಯೊಂದು ಶಾಸನದ ಕೆಲಸವನ್ನೂ ನ್ಯಾಯಾಲಯದ ಕೆಲಸವನ್ನೂ ಮಾಡಬೇಕೆಂದು ನಿರೀಕ್ಷಿಸಿದವನಿಗೆ ಮಾತ್ರ ನಿರಾಶೆಯಾದೀತು. ‘ಡೀಸೆಲ್ ಅಂಡ್ ಡಸ್ಟ್’ ಮೂಲನಿವಾಸಿಗಳ ಚರಿತ್ರೆಗೆ ಆಕರವಲ್ಲ. ಅದಕ್ಕೆ ಪಪುನ್ಯದ ಚಿತ್ರಗಳೂ ನ್ಯಾಯಾಲಯದಲ್ಲಿ ನುಡಿದ ಸಾಕ್ಷ್ಯಗಳೂ ಇವೆ. ಅದು ವಲಸೆ ಬಂದವರ ಅಂತಃಸಾಕ್ಷಿಯ ಚರಿತ್ರೆಗೆ ಆಕರ. ೧೯೮೭ರಲ್ಲಿ ಆ ಜನ ತಮ್ಮ ಋಣದ ವಿಷಯವನ್ನು ಎಷ್ಟು ಬಲ್ಲವರಾಗಿದ್ದರು ಎಂಬುದಕ್ಕೆ ಅದು ಕಾಲಸೂಚಿಯುಳ್ಳ ಪ್ರಮಾಣ. ಇನ್ನು ಮೇಲೆ ‘ನಮಗೆ ತಿಳಿದಿರಲಿಲ್ಲ’ ಎಂದು ಯಾರೂ ಹೇಳುವಂತಿಲ್ಲ.

ಸಾಲಪತ್ರವೊಂದು ತಾನಾಗಿ ಸಾಲವನ್ನು ತೀರಿಸುವುದಿಲ್ಲ. ಆದರೆ ಸಾಲವುಂಟೆಂಬುದನ್ನು ಸಾಲಗಾರನ ಕೈಬರಹದಲ್ಲಿಯೇ ಅದು ಉಳಿಸುತ್ತದೆ. ಈ ಮುದ್ರಿಕೆಯ ಬೆಲೆಯನ್ನು ಇಷ್ಟಕ್ಕೆ ನಿಲ್ಲಿಸುವುದು ನ್ಯಾಯ. ಇದಕ್ಕಿಂತ ಕಡಿಮೆಮಾಡುವುದೂ ನ್ಯಾಯವಲ್ಲ.